ಐದೇ ನಿಮಿಷದ ಸಾಲ್ವಿಯಾ: ಒಲೆಯ ಮೇಲೆ ಹಾಲಿಟ್ಟು ಕುಳಿತವನ ಉತ್ತರ

ಗೆಳೆಯರೊಬ್ಬರು ಹೊರದೇಶದಿಂದ ತಂದುಕೊಟ್ಟ, ಸೇದಿದರೆ ಭ್ರಮೆ ಹುಟ್ಟಿಸುವ ಸಾಲ್ವಿಯಾ ಎಲೆಪುಡಿಯ ಪೊಟ್ಟಣ ನಿಮ್ಮ ಬಳಿ ಇದೆ, ಅದು ಗಿಡದಿಂದ ಬಂದದ್ದು, ಅದರ ಪರಿಣಾಮ ಐದು ಹತ್ತು ನಿಮಿಷವಷ್ಟೇ, ಆದ್ದರಿಂದ ಸೈಕೆಡೆಲಿಕ್‌ಗಳ (ಅರಿವನ್ನೇ ಬದಲಿಸುವ ವಸ್ತುಗಳ) ಮೊದಲ ಪರಿಚಯಕ್ಕೆ ಅಮಲಿನ ಅಣಬೆಗಿಂತ ಇದೇ ಲೇಸಲ್ಲವೇ ಎಂದು ಕೇಳಿದ್ದೀರಿ. 2007ರ ನವೆಂಬರಿನಲ್ಲಿ ನಾನು ಇದೇ ಮಾತನ್ನು ಇದೇ ಕ್ರಮದಲ್ಲಿ ನನಗೆ ನಾನೇ ಹೇಳಿಕೊಂಡಿದ್ದೆ. ನನ್ನ ಬಲಗೈಯ ಉಂಗುರಬೆರಳು ಮತ್ತು ಕಿರುಬೆರಳು ಇಂದಿಗೂ ಪೂರ್ತಿ ಚಾಚುವುದಿಲ್ಲ.

ಆಗ ನಾನು ಅಮೆರಿಕದ ಟೆಕ್ಸಾಸ್‌ನಲ್ಲಿ ಎಂಎಸ್ ಎರಡನೆಯ ವರ್ಷದಲ್ಲಿದ್ದೆ. ಆ ರಾಜ್ಯವು ಸಾಲ್ವಿಯಾವನ್ನು ನಿಷೇಧಿಸಿದ್ದು 2013ರಲ್ಲಿ. ಅದಕ್ಕೂ ಮೊದಲು ಹುಕ್ಕಾ, ಲೈಟರು ಮಾರುವ ಅಂಗಡಿಗಳಲ್ಲಿ ಅದು ಊದುಬತ್ತಿಯ ಪಕ್ಕದಲ್ಲೇ ತೂಗುತ್ತಿತ್ತು. ಪೊಟ್ಟಣದ ಮೇಲೆ ಹತ್ತು ಪಟ್ಟು, ಇಪ್ಪತ್ತು ಪಟ್ಟು ಎಂದು ಅಚ್ಚಾಗಿರುತ್ತಿತ್ತು. ಔಷಧದ ಮಾತ್ರೆಯ ಮೇಲಿನ ಮಿಲಿಗ್ರಾಂನಂತೆ ಅದಕ್ಕೂ ಒಂದು ಖಚಿತ ಅರ್ಥವಿದೆ ಎಂದು ನಾನು ನಂಬಿದ್ದೆ. ಎಷ್ಟೋ ಎಲೆಗಳ ಸಾರವನ್ನು ತೆಗೆದು ಸ್ವಲ್ಪ ಎಲೆಯ ಮೇಲೆ ಹಿಂಗಿಸಿದ ಪುಡಿ ಅದು. ಆದರೆ ಒಬ್ಬ ತಯಾರಕನ ಹತ್ತು ಇನ್ನೊಬ್ಬನ ಹತ್ತಕ್ಕೆ ಸಮವಲ್ಲ. ನಿಮ್ಮ ಪೊಟ್ಟಣದ ಮೇಲಿರುವ ಸಂಖ್ಯೆಯನ್ನೂ ದಯವಿಟ್ಟು ನಂಬಬೇಡಿ.

ಗಿಡದ ಬಗ್ಗೆ ನನಗೆ ನಿಜವಾದ ಕುತೂಹಲವಿತ್ತು, ಈಗಲೂ ಇದೆ. ಸಾಲ್ವಿಯಾ ಡಿವಿನೋರಮ್ ನಮ್ಮ ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬದ್ದು. ಮುಟ್ಟಿದರೆ ಚೌಕವೆನಿಸುವ ದಂಟು, ಅಗಲವಾದ ಹಸಿರೆಲೆ, ನೇರಳೆ ಪುಷ್ಪಪಾತ್ರೆಯಿಂದ ಇಳಿಬಿದ್ದ ಬಿಳಿ ಹೂ. ಬೀಜ ಕಟ್ಟುವುದು ಅಪರೂಪ, ದಂಟು ನೆಟ್ಟೇ ಬೆಳೆಸಬೇಕು. ನಮ್ಮ ಉದ್ಯಾನಗಳ ಕೆಂಪು ಸಾಲ್ವಿಯಾ ಹೂವಾಗಲಿ, ಮೈಸೂರು ಭಾಗದ ರೈತರು ಬೆಳೆಯುವ ಚಿಯಾ ಆಗಲಿ ಇದೇ ಕುಲದ ಬೇರೆ ಗಿಡಗಳು. ಅವುಗಳಲ್ಲಿ ಈ ಗುಣವಿಲ್ಲ. ಇದರ ತವರು ಮೆಕ್ಸಿಕೋ ದೇಶದ ವಹಾಕಾ ರಾಜ್ಯದ ಬೆಟ್ಟಸೀಮೆ. ಅಲ್ಲಿನ ಮಜಾಟೆಕ್ ಜನರು ಇದನ್ನು ಕುರುಬಿತಿ ಮರಿಯಳ ಎಲೆ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. 1962ರಲ್ಲಿ ಅಮಲಿನ ಅಣಬೆಗಳ ಅಧ್ಯಯನಕ್ಕೆ ಹೆಸರಾದ ಗಾರ್ಡನ್ ವಾಸನ್ ಮತ್ತು ಎಲ್‌ಎಸ್‌ಡಿಯನ್ನು (ಅದೂ ಒಂದು ಸೈಕೆಡೆಲಿಕ್) ಕಂಡುಹಿಡಿದ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಆ ಬೆಟ್ಟಗಳಿಗೆ ಹೋಗಿ ಹೂವಿದ್ದ ಗಿಡವನ್ನು ತಂದ ಮೇಲೆಯೇ ಅದಕ್ಕೆ ಸಸ್ಯಶಾಸ್ತ್ರದ ಹೆಸರು ಬಂದಿತು. ಇಷ್ಟನ್ನೆಲ್ಲ ಓದಿಕೊಂಡಿದ್ದರಿಂದ ನಾನು ಸಿದ್ಧನಾಗಿದ್ದೇನೆ ಎಂದು ನನಗೆ ಅನ್ನಿಸಿತ್ತು.

ಆ ರಾತ್ರಿ ನನ್ನ ಜೊತೆಗಿದ್ದ ಹುಡುಗ ಲ್ಯಾಬಿನಿಂದ ಒಂಬತ್ತೂವರೆಗೆ ಬರುವವನಿದ್ದ. ಒಂಬತ್ತಕ್ಕೆ ನಾನು ಎಂದಿನಂತೆ ಮೊಸರಿಗೆ ಹೆಪ್ಪು ಹಾಕಲು ಹಾಲನ್ನು ಸ್ಟೀಲಿನ ಪಾತ್ರೆಗೆ ಸುರಿದು, ಸುರುಳಿಯ ಎಲೆಕ್ಟ್ರಿಕ್ ಒಲೆಯ ಮೇಲಿಟ್ಟು ಮಧ್ಯಮ ಉರಿಗೆ ತಿರುಗಿಸಿದೆ. ಹಾಲು ಉಕ್ಕಲು ಎಂಟು ಒಂಬತ್ತು ನಿಮಿಷ ಬೇಕೆಂಬುದು ವರ್ಷದ ಅಭ್ಯಾಸದಿಂದ ಗೊತ್ತಿತ್ತು. ನಂತರ ಹಾಲ್‌ನಲ್ಲಿ ಊರಿನಿಂದ ತಂದ ಕೆಂಪು ನೀಲಿ ಪಟ್ಟೆಯ ಜಮಖಾನದ ಮೇಲೆ ಸೋಫಾಕ್ಕೆ ಒರಗಿ ಕುಳಿತು, ಕೊಳವೆ ಹಚ್ಚಿ ಹೊಗೆಯನ್ನು ಎಳೆದುಕೊಂಡೆ.

ಉಸಿರು ಬಿಟ್ಟ ನೆನಪಿಲ್ಲ. ಎದುರಿನ ಗೋಡೆ ಪುಸ್ತಕದ ಹಾಳೆಯಂತೆ ಎಡದಿಂದ ಬಲಕ್ಕೆ ಮಗುಚಿಕೊಂಡಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಯಾವುದೋ ಬಲ ದೇಹವನ್ನು ಬಲಗಡೆಗೆ ಎಳೆಯಿತು. ಆಮೇಲೆ ನಾನು ಜಮಖಾನದ ಒಂದು ನೀಲಿ ಪಟ್ಟೆಯಾಗಿದ್ದೆ. ಪಟ್ಟೆಯಂತೆ ಭಾಸವಾಯಿತು ಎಂದು ಹೇಳುತ್ತಿಲ್ಲ. ಆ ಪಟ್ಟೆಗೆ ಹೆಸರಿರಲಿಲ್ಲ, ಊರಿರಲಿಲ್ಲ, ಕೈಕಾಲಿರಲಿಲ್ಲ, ತಾನು ಏನನ್ನೋ ಸೇದಿದ್ದೇನೆ ಎಂಬ ಅರಿವೂ ಇರಲಿಲ್ಲ. ತಾನು ಎಂದಿನಿಂದಲೂ ಪಟ್ಟೆಯೇ ಆಗಿದ್ದೆ, ಮನುಷ್ಯನಾಗಿ ಬದುಕಿದ್ದು ಒಂದು ಸಣ್ಣ ತಪ್ಪು ತಿಳಿವಳಿಕೆ ಎಂಬ ಭಯಂಕರ ಖಚಿತತೆ ಮಾತ್ರ ಇತ್ತು. ಅದರಲ್ಲಿ ಸುಖವಿರಲಿಲ್ಲ, ಬಣ್ಣದ ವೈಭವವಿರಲಿಲ್ಲ, ಕಾಲವೂ ಇರಲಿಲ್ಲ.

ಮರಳಿ ನಾನಾದಾಗ ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಹೊಗೆಯ ಅಲಾರಂ ಕೂಗುತ್ತಿತ್ತು, ಪಾತ್ರೆ ನೆಲದ ಮೇಲೆ ಮಗುಚಿತ್ತು. ಸೀದ ವಾಸನೆ ಬರುತ್ತಿತ್ತು, ಹಾಲಿನದು ಎಂದುಕೊಂಡೆ. ಆಮೇಲೆ ನೋಡಿದರೆ ನನ್ನ ಬಲ ಅಂಗೈ ಕೆಂಪಗೆ ಕಾದ ಸುರುಳಿಯ ಮೇಲೆ ಊರಿತ್ತು. ನೋವಿರಲಿಲ್ಲ. ಮೈಕ್ರೋವೇವ್‌ನ ಗಡಿಯಾರ ಒಂಬತ್ತು ಹನ್ನೆರಡು ತೋರಿಸುತ್ತಿತ್ತು.

ನನಗೆ ನಷ್ಟ ತಂದ ತಪ್ಪು ಯಾವುದೆಂದು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಯೋಚಿಸಿದ್ದೇನೆ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಒಲೆ ಹಚ್ಚಿಟ್ಟದ್ದು ತಪ್ಪು ಎಂದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಮರೆವಿನಿಂದ ಹಚ್ಚಿಟ್ಟಿದ್ದರೆ ಅದು ಅಜಾಗರೂಕತೆ. ನಾನು ಲೆಕ್ಕ ಹಾಕಿ ಹಚ್ಚಿಟ್ಟಿದ್ದೆ. ಅನುಭವ ಐದು ನಿಮಿಷ, ಹಾಲು ಎಂಟು ನಿಮಿಷ, ನಡುವೆ ಮೂರು ನಿಮಿಷ ಉಳಿತಾಯ. ಗಡಿಯಾರದ ಮಟ್ಟಿಗೆ ಆ ಲೆಕ್ಕ ತೀರಾ ತಪ್ಪೂ ಅಲ್ಲ. ಆದರೆ ಐದು ನಿಮಿಷ ಎಂಬುದು ಹೊರಗೆ ಗಡಿಯಾರ ಹಿಡಿದು ಕುಳಿತವನ ಅಳತೆ. ಆ ಅಳತೆಯನ್ನು ನೆನಪಿಟ್ಟುಕೊಳ್ಳಬೇಕಾದ ನಾನೇ ಆ ಹೊತ್ತಿನಲ್ಲಿ ಇಲ್ಲವಾಗುತ್ತೇನೆ ಎಂಬುದು ನನ್ನ ಲೆಕ್ಕದಲ್ಲಿ ಸೇರಿರಲಿಲ್ಲ. ಕುಡಿದವನಿಗೆ ತಾನು ಕುಡಿದಿದ್ದೇನೆ ಎಂಬುದು ಎಲ್ಲೋ ಒಂದು ಮೂಲೆಯಲ್ಲಿ ಗೊತ್ತಿರುತ್ತದೆ. ಇಲ್ಲಿ ಆ ಮೂಲೆಯೂ ಅಳಿಸಿಹೋಗುತ್ತದೆ. ಹಾಗಿರುವಾಗ ಇದು ಬೇಗ ಮುಗಿಯುತ್ತದೆ ಎಂಬ ಧೈರ್ಯವನ್ನು ಒಳಗಿರುವವನಿಗೆ ಹೇಳುವವರು ಯಾರು?

ಇನ್ನೂ ಒಂದಿದೆ. ಮನಸ್ಸು ಇಲ್ಲದಿದ್ದರೂ ದೇಹ ಎದ್ದು ನಡೆಯುತ್ತದೆ. ಸಾಲ್ವಿಯಾ ಸೇದಿದವರು ಇದ್ದಕ್ಕಿದ್ದಂತೆ ಎದ್ದು ಓಡಾಡುತ್ತಾರೆ, ಗೋಡೆಗೆ ಕಿಟಕಿಗೆ ಹಾಯುತ್ತಾರೆ, ಪಕ್ಕದಲ್ಲಿ ಎಚ್ಚರವಿರುವ ಒಬ್ಬರು ಇರಲೇಬೇಕು ಎಂದು ನಾನು ಒಂದಲ್ಲ, ನಾಲ್ಕಾರು ಕಡೆ ಓದಿದ್ದೆ. ಅದು ಹೆಚ್ಚು ಸೇದಿದವರ ಮಾತು, ನನ್ನದು ಸ್ವಲ್ಪವೇ ಎಂದು ಅದನ್ನು ಬದಿಗಿಟ್ಟೆ. ಇನ್ನು ಅರ್ಧ ಗಂಟೆ ಕಾದಿದ್ದರೆ ಜೊತೆಗಾರ ಬರುತ್ತಿದ್ದ. ಅವನ ಮುಂದೆ ಹೇಳಿಕೊಳ್ಳಲು ಸಂಕೋಚವಾಯಿತು, ಐದು ನಿಮಿಷದ ಕೆಲಸಕ್ಕೆ ಇನ್ನೊಬ್ಬರೇಕೆ ಅನ್ನಿಸಿತು. ಅಂದರೆ ಕಾಲ ಕಡಿಮೆ ಎಂಬ ಒಂದೇ ಮಾತು ನನ್ನಿಂದ ಒಲೆ ಹಚ್ಚಿಸಿತು, ಬಾಗಿಲು ಹಾಕಿಸಿತು, ಒಬ್ಬನನ್ನೇ ಕೂರಿಸಿತು. ಮುಂದಿನ ಆರು ಗಂಟೆ ಕಾಲ ನನ್ನ ಮೇಲೆ ನನಗೆ ಹತೋಟಿ ಇರುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ ನಾನು ಖಂಡಿತ ಹಾಲಿಡುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಹಾಲು ಉಕ್ಕಿತು, ಗಾಬರಿಯಲ್ಲಿ ಕೈ ತಗಲಿತು ಎಂದು ಸುಳ್ಳು ಹೇಳಿದೆ. ಬಿಸಿ ತಗಲಿದರೆ ಯಾರೇ ಆದರೂ ತಟ್ಟನೆ ಕೈ ಎಳೆದುಕೊಳ್ಳುತ್ತಾರೆ, ನೀವೇಕೆ ಎಳೆದುಕೊಳ್ಳಲಿಲ್ಲ ಎಂದು ಅಲ್ಲಿನ ವೈದ್ಯೆ ಮೂರು ಸಲ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಮೂರ್ಛೆರೋಗವಿರಬಹುದೆಂದು ಶಂಕಿಸಿ ತಲೆಯ ಸ್ಕ್ಯಾನ್ ಮಾಡಿಸಿದರು, ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಮಾಡಿಸಿದರು, ಕಾರು ಓಡಿಸಬೇಡಿ ಎಂದರು. ಸುಟ್ಟ ಗಾಯ ನರಗಳವರೆಗೂ ಇಳಿದಿದ್ದರಿಂದಲೇ ನೋವು ತಿಳಿಯುತ್ತಿರಲಿಲ್ಲ. ತೊಡೆಯ ಚರ್ಮ ತೆಗೆದು ಅಂಗೈಗೆ ಹಚ್ಚಿದರು. ಆ ಸೆಮಿಸ್ಟರ್ ಹೋಯಿತು, ಅದರೊಂದಿಗೆ ನನ್ನ ಶುಲ್ಕ ಭರಿಸುತ್ತಿದ್ದ ವಿಶ್ವವಿದ್ಯಾಲಯದ ಕೆಲಸವೂ ಹೋಯಿತು. ಅಪ್ಪ ಊರಿನ ಸೊಸೈಟಿಯಲ್ಲಿ ಸಾಲ ಮಾಡಿ ಹಣ ಕಳಿಸಿದರು. ಅಮ್ಮ ಫೋನಿನಲ್ಲಿ, ಎಡಗೈಯಲ್ಲಿ ಊಟ ಮಾಡಬೇಡ, ಚಮಚದಲ್ಲಾದರೂ ತಿನ್ನು ಎಂದರು. ಹಿಡಿದ ಚಮಚವೂ ಎಡಗೈಯಲ್ಲೇ ಇದೆ ಎಂದು ಅವರಿಗೆ ಹೇಳಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇದು ಮೊದಲ ಪರಿಚಯಕ್ಕೆ ಸೂಕ್ತವೇ ಎಂಬ ಪ್ರಶ್ನೆಯೇ ಸರಿಯಲ್ಲ, ಏಕೆಂದರೆ ಸಾಲ್ವಿಯಾ ಅಣಬೆಯ ಚಿಕ್ಕ ರೂಪವಲ್ಲ. ಅಣಬೆಯ ಸೈಲೊಸಿಬಿನ್, ಎಲ್‌ಎಸ್‌ಡಿ, ಡಿಎಂಟಿ ಎಂಬ ಸೈಕೆಡೆಲಿಕ್‌ಗಳು ಮುಖ್ಯವಾಗಿ ಮೆದುಳಿನ ಸೆರೊಟೊನಿನ್ ಎಂಬ ರಾಸಾಯನಿಕದ ಗ್ರಾಹಕಗಳ (ಜೀವಕೋಶಗಳಲ್ಲಿ ಅದು ಬಂದು ಅಂಟುವ ತಾಣಗಳ) ಮೂಲಕ ಕೆಲಸ ಮಾಡುತ್ತವೆ, ಮೂರರಲ್ಲೂ ಸಾರಜನಕವಿದೆ. ಸಾಲ್ವಿಯಾದ ಸಕ್ರಿಯ ವಸ್ತು ಸಾಲ್ವಿನೊರಿನ್ ಎ ಎಂಬುದರಲ್ಲಿ ಸಾರಜನಕದ ಒಂದು ಪರಮಾಣುವೂ ಇಲ್ಲ. ಇಂಗಾಲ, ಜಲಜನಕ, ಆಮ್ಲಜನಕ ಮೂರೇ. 1982ರಲ್ಲಿ ಮೆಕ್ಸಿಕೋದ ಆಲ್ಫ್ರೆಡೊ ಒರ್ಟೆಗಾ ಮತ್ತು ಸಂಗಡಿಗರು ಅದನ್ನು ಬೇರ್ಪಡಿಸಿದರೂ ಅದು ಮೆದುಳಿನಲ್ಲಿ ಎಲ್ಲಿ ಕೂರುತ್ತದೆ ಎಂಬುದು ತಿಳಿಯಲು 2002ರವರೆಗೆ ಕಾಯಬೇಕಾಯಿತು. ಅಮೆರಿಕದ ಔಷಧಶಾಸ್ತ್ರಜ್ಞ ಬ್ರಯನ್ ರಾತ್ ಅವರ ತಂಡ ತೋರಿಸಿದಂತೆ ಅದು ಸೆರೊಟೊನಿನ್ ಗ್ರಾಹಕವನ್ನು ಮುಟ್ಟದೆ ಕಪ್ಪಾ ಒಪಿಯಾಯ್ಡ್ ಎಂಬ ಬೇರೆ ಬಗೆಯ ಗ್ರಾಹಕಕ್ಕೆ ಅಂಟುತ್ತದೆ. ಈ ಗ್ರಾಹಕ ಕೆರಳಿದರೆ ಸಾಮಾನ್ಯವಾಗಿ ಆಗುವುದು ಅಹಿತ, ದೇಹದಿಂದ ಬೇರ್ಪಟ್ಟ ಭಾವ. ಮಾರ್ಫಿನ್ ಕೊಡುವ ಹಿತ ಬೇರೊಂದು ಒಪಿಯಾಯ್ಡ್ ಗ್ರಾಹಕದ್ದು. ಸಾಲ್ವಿಯಾ ಕಂಡವರಿಗೆ ಅಣಬೆಯ ಪರಿಚಯವಾಗುವುದಿಲ್ಲ, ಅಣಬೆ ತಿಂದವರಿಗೆ ಸಾಲ್ವಿಯಾದ ಸುಳಿವೂ ಸಿಗುವುದಿಲ್ಲ. ಹಾಗೆಂದು ಅಣಬೆಯಿಂದ ಶುರು ಮಾಡಿ ಎಂದೂ ಹೇಳುತ್ತಿಲ್ಲ. ಮೇಲೆ ಹೇಳಿದ ಮೂರೂ ನಮ್ಮ ದೇಶದ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯ ಪಟ್ಟಿಯಲ್ಲಿವೆ.

ಸಾಲ್ವಿನೊರಿನ್ ಎಯನ್ನು ಅಮೆರಿಕದ ವಿಶ್ವವಿದ್ಯಾಲಯವಾದ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ಸ್ವಯಂಸೇವಕರಿಗೆ ಕೊಟ್ಟು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಣಾಮ ಎರಡು ನಿಮಿಷಕ್ಕೆ ತುದಿ ಮುಟ್ಟಿ ಸುಮಾರು ಇಪ್ಪತ್ತು ನಿಮಿಷಕ್ಕೆ ಇಳಿದಿತ್ತು. ಭಾಗವಹಿಸಿದವರು ನಾಲ್ಕೇ ಜನ, ನಾಲ್ವರೂ ಮಾನಸಿಕವಾಗಿ ಆರೋಗ್ಯವಂತರು, ಇಂಥ ವಸ್ತುಗಳ ಅನುಭವವಿದ್ದವರು, ಅವರ ಪಕ್ಕದಲ್ಲಿ ತರಬೇತಿ ಪಡೆದವರು ಕುಳಿತಿದ್ದರು. ಕಾಲ ಕಡಿಮೆ ಎಂದು ಅವರು ಯಾರೂ ಕಾವಲನ್ನು ಕಡಿಮೆ ಮಾಡಲಿಲ್ಲ.

ಮಜಾಟೆಕ್ ಜನರ ಕ್ರಮವಂತೂ ಇದಕ್ಕಿಂತ ಹಳೆಯದು. ಅವರು ಹಸಿ ಎಲೆಗಳನ್ನು ಜೋಡಿ ಜೋಡಿಯಾಗಿ ಎಣಿಸಿ ಅಗಿಯುತ್ತಾರೆ ಅಥವಾ ನೀರಿನಲ್ಲಿ ಕಿವುಚಿ ಕುಡಿಯುತ್ತಾರೆ. ಹೊಗೆ ಸೇದುವುದು ಅವರ ರೂಢಿಯಲ್ಲ. ಹಾಗೆ ತೆಗೆದುಕೊಂಡಾಗ ಪರಿಣಾಮ ನಿಧಾನವಾಗಿ ಏರುತ್ತದೆ, ಸೌಮ್ಯವಾಗಿರುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ರಾತ್ರಿ, ಕತ್ತಲು, ಮೌನ, ಪಕ್ಕದಲ್ಲಿ ನಾಟಿ ವೈದ್ಯರು, ಕೇಳಬೇಕಾದ ಒಂದು ಪ್ರಶ್ನೆ: ರೋಗದ ಕಾರಣವೇನು, ಕಳೆದ ವಸ್ತು ಎಲ್ಲಿದೆ. ನಾನು ಅವರ ಎಲೆಯನ್ನು ಮಾತ್ರ ತೆಗೆದುಕೊಂಡೆ, ಅದನ್ನೂ ಅಂಗಡಿಯಲ್ಲಿ ಹಲವು ಪಟ್ಟು ಗಾಢವಾಗಿಸಿದ ರೂಪದಲ್ಲಿ. ಕತ್ತಲು, ಮೌನ, ಕಾವಲು, ಪ್ರಶ್ನೆ ನಾಲ್ಕನ್ನೂ ಅನಗತ್ಯವೆಂದು ಬಿಟ್ಟೆ. ಅದು ಗಿಡದಿಂದ ಬಂದದ್ದು ಎಂಬ ನಿಮ್ಮ ಸಮಾಧಾನಕ್ಕೆ ನನ್ನ ಬಳಿ ಬೇರೆ ಉತ್ತರವಿಲ್ಲ. ಉಮ್ಮತ್ತಿಯೂ ಗಿಡವೇ, ಅದರ ಕಾಯಿಯನ್ನು ಮಕ್ಕಳ ಕೈಗೆ ನಾವು ಕೊಡುವುದಿಲ್ಲ.

ಧ್ಯಾನದಲ್ಲಿ ಹತ್ತು ವರ್ಷಕ್ಕೂ ದೊರಕದ್ದು ಹತ್ತು ನಿಮಿಷದಲ್ಲಿ ದೊರಕುತ್ತದಂತೆ ಎಂದೂ ಬರೆದಿದ್ದೀರಿ. ನಾನು ಕಳೆದುಕೊಂಡದ್ದು ಅಹಂಕಾರವನ್ನಲ್ಲ, ಕೈ ಎಲ್ಲಿದೆ ಎಂಬ ತಿಳಿವನ್ನು. ಧ್ಯಾನದಲ್ಲಿರುವವರು ಕರೆದರೆ ಓಗೊಡುತ್ತಾರೆ, ಒಲೆಯ ಮೇಲೆ ಹಾಲು ಉಕ್ಕಿದರೆ ಎದ್ದು ಇಳಿಸುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವ ಮಾತನ್ನು ನಾನು ಒಪ್ಪುವುದಿಲ್ಲ.

ಸೇದಬೇಡಿ ಎಂಬುದೇ ನನ್ನ ಅಭಿಪ್ರಾಯ, ಅದರಲ್ಲಿ ಮುಚ್ಚುಮರೆ ಇಲ್ಲ. ನಿಮ್ಮಲ್ಲಾಗಲಿ ಮನೆಯವರಲ್ಲಾಗಲಿ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಕಾಣಿಸಿಕೊಂಡಿದ್ದರೆ ಈ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಮನಸ್ಸು ಭಾರವಾಗಿರುವುದೇ ಈ ಹುಡುಕಾಟಕ್ಕೆ ಕಾರಣವಾಗಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತನಾಡಬಹುದು.

ಆದರೆ ಪೊಟ್ಟಣ ತಂದುಕೊಟ್ಟ ನಿಮ್ಮ ಗೆಳೆಯರು ನನ್ನ ಮಾತನ್ನು ಓದುವುದಿಲ್ಲ. ಅವರು ನಿಮ್ಮ ಮನೆಯಲ್ಲೇ ಸೇದಿಬಿಟ್ಟರೆ ಅವರನ್ನು ನೆಲದ ಮೇಲೆ ಕೂರಿಸಿ, ಕೊಳವೆಯನ್ನೂ ಲೈಟರನ್ನೂ ಕೈಯಿಂದ ತೆಗೆದುಕೊಳ್ಳಿ, ಬಾಲ್ಕನಿಯ ಬಾಗಿಲು ಹಾಕಿ, ಎದ್ದರೆ ಜಗ್ಗಾಡದೆ ದಾರಿಗೆ ಅಡ್ಡ ನಿಲ್ಲಿ, ಅರ್ಧ ಗಂಟೆ ಬಿಟ್ಟು ಹೋಗಬೇಡಿ. ಏನಾದರೂ ಹೆಚ್ಚುಕಡಿಮೆಯಾಗಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಗಿಡದ ಹೆಸರನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಇವೆಲ್ಲಕ್ಕೂ ಮೊದಲು ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿ ಬನ್ನಿ, ಸಿಲಿಂಡರಿನ ರೆಗ್ಯುಲೇಟರನ್ನೂ ತಿರುಗಿಸಿ.