ಶ್ವಾಸಕೋಶದ ಚಿಕ್ಕ ಗಡ್ಡೆ: ಎಷ್ಟು ತೆಗೆಯಬೇಕು, ಹೇಗೆ ತೆಗೆಯಬೇಕು?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 64 ವರ್ಷ. ಬಲ ಶ್ವಾಸಕೋಶದ ಮೇಲ್ಭಾಗದ ಅಂಚಿನಲ್ಲಿ 1.7 ಸೆಂ.ಮೀ. ಗಡ್ಡೆ ಇದೆ. ಕ್ಯಾನ್ಸರ್, ಮೊದಲ ಹಂತ ಎಂದಿದ್ದಾರೆ. ಒಬ್ಬರು ಎದೆ ತೆರೆದು ಆಪರೇಷನ್ ಮಾಡಬೇಕು ಅಂತಾರೆ, ಇನ್ನೊಬ್ಬರು ರೋಬೋಟ್ ಅಂತಾರೆ. ಅದಕ್ಕೆ ಖರ್ಚು ತುಂಬಾ ಜಾಸ್ತಿ. ಯಾವುದು ಒಳ್ಳೆಯದು?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಗಾಬರಿ ಅರ್ಥವಾಗುತ್ತದೆ. ಆದರೆ ಇಲ್ಲಿ ಎರಡು ಪ್ರಶ್ನೆಗಳಿವೆ. ಒಳಗೆ ಹೋಗುವ ದಾರಿ ಯಾವುದು, ಒಳಗಿಂದ ತೆಗೆಯುವುದು ಎಷ್ಟು. ಮನೆಯವರೆಲ್ಲ ಮೊದಲನೆಯದನ್ನೇ ಕೇಳುತ್ತಾರೆ. ನೀವು ಎರಡನೆಯದನ್ನು ಮೊದಲು ಕೇಳಿ.

ಬಲ ಶ್ವಾಸಕೋಶದಲ್ಲಿ ಮೂರು ಹಾಲೆಗಳು, ಅಂದರೆ ಮೂರು ದೊಡ್ಡ ವಿಭಾಗಗಳಿರುತ್ತವೆ. 1995ರಲ್ಲಿ ಬಂದ ಅಮೆರಿಕದ ಅಧ್ಯಯನದ ನಂತರ, ಗಡ್ಡೆ ಚಿಕ್ಕದಿದ್ದರೂ ಇಡೀ ಹಾಲೆ ತೆಗೆಯುವುದೇ ನಿಯಮವಾಗಿತ್ತು. ಈಗ ಹಾಗಿಲ್ಲ. 2022ರಲ್ಲಿ ಜಪಾನಿನಲ್ಲಿ 1,106 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಅಂಚಿನಲ್ಲಿದ್ದ, 2 ಸೆಂ.ಮೀ. ಮೀರದ ಗಡ್ಡೆಗಳವು. ಹಾಲೆಯ ಒಂದು ಭಾಗ, ಅಂದರೆ ಸೆಗ್ಮೆಂಟ್ ಮಾತ್ರ ತೆಗೆದವರಲ್ಲಿ 5 ವರ್ಷದ ನಂತರ ಬದುಕಿದ್ದವರು ಶೇ 94.3, ಇಡೀ ಹಾಲೆ ತೆಗೆದವರಲ್ಲಿ ಶೇ 91.1. ಆದರೆ ಅದೇ ಜಾಗದ ಆಸುಪಾಸಿನಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಸೆಗ್ಮೆಂಟ್ ತೆಗೆದವರಲ್ಲೇ ಜಾಸ್ತಿ: ಶೇ 10.5, ಇನ್ನೊಂದು ಗುಂಪಿನಲ್ಲಿ ಶೇ 5.4. ಇದನ್ನೂ ನಿಮಗೆ ಹೇಳಲೇಬೇಕು.

ಸೆಗ್ಮೆಂಟ್ ತೆಗೆಯುವುದು ನಾಜೂಕಿನ ಕೆಲಸ. ಕಿತ್ತಳೆಯ ತೊಳೆಗಳ ಹಾಗೆ ಅವು ಬಿಡಿಬಿಡಿಯಾಗಿರುವುದಿಲ್ಲ, ನಡುವೆ ಗೆರೆಯೂ ಕಾಣುವುದಿಲ್ಲ. ಆ ಭಾಗದ ರಕ್ತನಾಳ ಕಟ್ಟಿ, ಕೈಗೆ ಒಂದು ಬಣ್ಣದ ಇಂಜೆಕ್ಷನ್ ಕೊಡುತ್ತೇವೆ. ವಿಶೇಷ ಕ್ಯಾಮೆರಾದಲ್ಲಿ ಸುತ್ತಲಿನ ಶ್ವಾಸಕೋಶ ಹಸಿರಾಗಿ ಹೊಳೆಯುತ್ತದೆ, ತೆಗೆಯಬೇಕಾದ ತುಂಡು ಮಾತ್ರ ಕಪ್ಪಾಗಿ ಉಳಿಯುತ್ತದೆ. ಅಲ್ಲಿಗೆ ನಮ್ಮ ಗಡಿ ಗೊತ್ತಾಗುತ್ತದೆ. ಯಾವ ವಿಧಾನವಾದರೂ ಎದೆಯ ನಡುವಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್, ಕ್ಯಾನ್ಸರ್ ಹರಡಬಹುದಾದ ಸಣ್ಣ ಗಂಟುಗಳು) ತೆಗೆದು ಪರೀಕ್ಷಿಸಲೇಬೇಕು. ಅಲ್ಲಿ ಕ್ಯಾನ್ಸರ್ ಕಂಡರೆ ಲೆಕ್ಕವೇ ಬದಲಾಗುತ್ತದೆ.

ಇನ್ನು ದಾರಿಯ ವಿಷಯ. ಕ್ಯಾಮೆರಾ ಹಾಕಿ ಸಣ್ಣ ತೂತುಗಳಿಂದ ಮಾಡಿದರೆ ಪಕ್ಕೆಲುಬುಗಳನ್ನು ಅಗಲಿಸಬೇಕಿಲ್ಲ. ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು. ಬ್ರಿಟನ್ನಿನ ಅಧ್ಯಯನವೊಂದರಲ್ಲೂ ಇದೇ ಕಂಡಿತು. ರೋಬೋಟ್ ಕೂಡ ಇದೇ ತೂತುಗಳ ಆಪರೇಷನ್ನೇ. ಅದರಿಂದ ಆಯಸ್ಸು ಹೆಚ್ಚುತ್ತದೆ ಎಂದು ಇನ್ನೂ ಸಾಬೀತಾಗಿಲ್ಲ. ಹಾಗಾಗಿ ರೋಬೋಟ್‌ಗೋಸ್ಕರ ಸಾಲ ಮಾಡಬೇಡಿ. ತಂದೆಗೆ ಹಿಂದೆ ಟಿಬಿ ಬಂದಿತ್ತೇ? ಬಂದಿದ್ದರೆ ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿರಬಹುದು, ಆಗ ತೆರೆದು ಮಾಡಬೇಕಾಗಬಹುದು.

ಕ್ಯಾನ್ಸರ್ ಬೇರೆಡೆ ಹರಡಿದೆಯೇ ಎಂದು ನೋಡುವ ಪೆಟ್ ಸ್ಕ್ಯಾನ್, ಉಸಿರಾಟದ ಸಾಮರ್ಥ್ಯದ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಮಾಡಿಸಿ. ಬೀಡಿ, ಸಿಗರೇಟು ಇದ್ದರೆ ಇವತ್ತೇ ನಿಲ್ಲಿಸಲಿ. ಉಸಿರಾಟದ ವ್ಯಾಯಾಮಕ್ಕೆ ಬಳಸುವ ಮೂರು ಚೆಂಡಿನ ಪ್ಲಾಸ್ಟಿಕ್ ಸಾಧನ ತಂದು ಈಗಿನಿಂದಲೇ ಅಭ್ಯಾಸ ಮಾಡಿಸಿ. ತುಂಬಾ ಜನ ಅದನ್ನು ಊದುತ್ತಾರೆ. ಊದಬಾರದು, ಉಸಿರನ್ನು ನಿಧಾನವಾಗಿ ಒಳಗೆ ಎಳೆಯಬೇಕು.