ಬೋನಿನಲ್ಲಿ ಸಿಂಗಳೀಕದ ಸಂಸಾರ

ಪ್ರಶ್ನೆ: ಕುದುರೆಮುಖದ ಕಾಡಿನಲ್ಲಿ ಸಿಂಗಳೀಕ ನೋಡಿದ್ದೇನೆ. ಮೃಗಾಲಯದಲ್ಲಿ ಒಂದು ಗಂಡು, ಒಂದು ಹೆಣ್ಣು ಒಟ್ಟಿಗೆ ಬಿಟ್ಟರೆ ಸಂತತಿ ಬೆಳೆಯುತ್ತದೆ ಅಲ್ವಾ?
– ಓದುಗರು, ಮೂಡಿಗೆರೆ

ಉತ್ತರ: ಸುಮ್ನೆ ಜೋಡಿ ಮಾಡಿದರೆ ಸಾಲದು. ಸಿಂಗಳೀಕ ಗುಂಪಿನಲ್ಲಿ ಬಾಳುವ ಕೋತಿ. ಕಾಡಿನಲ್ಲಿ ತಾಯಿ, ಹೆಣ್ಣುಮಕ್ಕಳು ಒಂದೇ ಗುಂಪಿನಲ್ಲಿ ಉಳಿಯುತ್ತವೆ, ಬೆಳೆದ ಗಂಡು ಬೇರೆ ಗುಂಪು ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಮೃಗಾಲಯದಲ್ಲೂ ಹೆಣ್ಣುಗಳನ್ನು ಅಗಲಿಸದೆ ಗಂಡನ್ನು ಮಾತ್ರ ಬದಲಾಯಿಸುವುದು ಸರಿ, ಇಲ್ಲದಿದ್ದರೆ ರಕ್ತಸಂಬಂಧದಲ್ಲೇ ಮರಿಯಾಗಿ ತಳಿ ಸೊರಗುತ್ತದೆ. ಹೆಣ್ಣು ಬೆದೆಗೆ ಬಂದಾಗ ಬಾಲದ ಬುಡ ಊದಿಕೊಳ್ಳುತ್ತದೆ. ಗರ್ಭ ಸುಮಾರು 170 ದಿನ. ಸಾಮಾನ್ಯವಾಗಿ ಒಂದೇ ಮರಿ.

ಹುಟ್ಟಿದಾಗ ಮರಿಗೆ ದೊಡ್ಡವುಗಳ ಮುಖದ ಸುತ್ತ ಇರುವ ಬೂದು ಬಣ್ಣದ ಕೂದಲಿನ ಕೇಸರ ಇರುವುದಿಲ್ಲ, ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ. ಎಳೆ ಹೆಣ್ಣುಗಳು ಹತ್ತಿರ ಬಂದು ಮೆಲ್ಲಗೆ ಮುಟ್ಟಿ ನೋಡುತ್ತವೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ, ಯಾಕೆಂದರೆ ಮರಿ ಸಾಕುವುದನ್ನು ಅವು ಹೀಗೆ ನೋಡಿ, ಮುಟ್ಟಿಯೇ ಕಲಿಯುತ್ತವೆ, ಮನುಷ್ಯರು ಬಾಟಲಿ ಹಾಲು ಕೊಟ್ಟು ಒಂಟಿಯಾಗಿ ಬೆಳೆಸಿದ ಹೆಣ್ಣು ಮುಂದೆ ತನ್ನ ಮರಿಯನ್ನೇ ಕೈಬಿಡಬಹುದು.

ಚೆನ್ನೈನ ವಂಡಲೂರು ಮೃಗಾಲಯದಲ್ಲಿ ಇವುಗಳ ತಳಿ ಉಳಿಸುವ ಕೆಲಸ ನಡೆದಿದೆ. ಆದರೆ ಮೃಗಾಲಯವೊಂದೇ ಸಾಲದು. ಇವು ನೆಲಕ್ಕಿಳಿಯುವುದು ಕಡಿಮೆ, ಹಾಗಾಗಿ ಕುದುರೆಮುಖದಲ್ಲಿ ಕೊಂಬೆಗೆ ಕೊಂಬೆ ತಾಗುವ ಕಾಡು ಉಳಿಯಲೇಬೇಕು.