ಇರುವುದೇ ನಾಲ್ಕು ಫ್ರೇಮ್, ಅದರಲ್ಲಿ ಬ್ರಾಕೆಟಿಂಗ್ ಯಾಕೆ?

6x17 ಸೆಂಟಿಮೀಟರ್ ಚೌಕಟ್ಟಿನ ಪನೋರಮಾ ಕ್ಯಾಮೆರಾ, ವೆಲ್ವಿಯಾ 50 ಸ್ಲೈಡ್ ಫಿಲ್ಮ್, ಯೂಟಾದ ಕೆಂಪು ಬಂಡೆಗಳ ಮೇಲೆ ಸೂರ್ಯೋದಯ. ಬ್ರಾಕೆಟಿಂಗ್, ಅಂದರೆ ಒಂದೇ ದೃಶ್ಯವನ್ನು ಬೆಳಕು ಹೆಚ್ಚು ಕಡಿಮೆ ಮಾಡಿ ಹಲವು ಸಲ ತೆಗೆಯುವುದು, ಅರ್ಧ ಸ್ಟಾಪ್ ಇಟ್ಟುಕೊಳ್ಳಲಾ, ಒಂದು ಸ್ಟಾಪಾ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧದಷ್ಟು) ಅಂತ ಕೇಳಿದ್ದೀರಿ. ಎರಡೂ ಬೇಡ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನೂ ಹೋಗಿದ್ದೆ.

ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಮೇಸಾ ಆರ್ಚ್‌ಗೆ ಹೋಗಿದ್ದೆ. ಪ್ರಪಾತದ ಅಂಚಿನಲ್ಲೇ ನಿಂತಿರುವ ಮರಳುಗಲ್ಲಿನ ಕಮಾನು ಅದು. ಅಗಲ ಜಾಸ್ತಿ, ಎತ್ತರ ಕಡಿಮೆ. ಪನೋರಮಾಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸೂರ್ಯ ಬಂದಾಗ ಬಿಸಿಲು ಕೆಳಗಿನ ಬಂಡೆಗೋಡೆಗೆ ಬಡಿದು ಮೇಲಕ್ಕೆ ಪುಟಿಯುತ್ತದೆ. ಆಗ ಕಮಾನಿನ ಒಳಮೈ ಕೆಂಡದಂತಾಗುತ್ತದೆ. ನಾನು ಕತ್ತಲಲ್ಲೇ ತಲುಪಿದ್ದೆ. ಆದರೂ ಅಷ್ಟೊತ್ತಿಗೆ ಟ್ರೈಪಾಡ್‌ಗಳ ಸಾಲು ನಿಂತಾಗಿತ್ತು. ಎಡ ತುದಿಯಲ್ಲಿ ಹೇಗೋ ಜಾಗ ಮಾಡಿಕೊಂಡೆ.

ಈಗ ಎಡವಟ್ಟಿನ ವಿಷಯ. 120 ರೋಲಿನಲ್ಲಿ (ಕಾಗದದ ಜೊತೆ ಸುತ್ತಿದ ಅಗಲ ಫಿಲ್ಮ್) 6x17 ಚೌಕಟ್ಟು ನಾಲ್ಕೇ ಬರುವುದು ಅಂತ ನಿಮಗೆ ಗೊತ್ತೇ ಇದೆ. ಸೂರ್ಯ ಬರುವ ಮೊದಲು ಆಕಾಶ ಗುಲಾಬಿ ಆಯಿತು. ಆಸೆ ತಡೆಯಲಿಲ್ಲ. ಲೆನ್ಸಿನ ರಂಧ್ರ ಎಫ್/22ಕ್ಕೆ ಕಿರಿದು ಮಾಡಿದಾಗ ಬೆಳಕಿನ ಮೀಟರ್ 16 ಸೆಕೆಂಡ್ ತೋರಿಸಿತು. 90 ಎಂಎಂ ಲೆನ್ಸಿನ ಸೆಂಟರ್ ಫಿಲ್ಟರ್‌ಗೆ (ಅಂಚು ಕಪ್ಪಾಗದ ಹಾಗೆ ನಡುವಿನ ಬೆಳಕು ತಗ್ಗಿಸುವ ಗಾಜು) ಇನ್ನೊಂದು ಸ್ಟಾಪ್ ಸೇರಿಸಿದರೆ 32. ಅಷ್ಟು ಹೊತ್ತು ಶಟರ್ ತೆರೆದಿಟ್ಟರೆ ವೆಲ್ವಿಯಾ 50 ಬೆಳಕು ಹಿಡಿಯುವುದರಲ್ಲಿ ಮಂದವಾಗುತ್ತದೆ. 32 ಸೆಕೆಂಡಿಗೆ ಮತ್ತೊಂದು ಸ್ಟಾಪ್ ಕೊಡಿ, ಬಣ್ಣ ತಿದ್ದಲು ಮೆಜೆಂಟಾ ಫಿಲ್ಟರ್ ಹಾಕಿ ಅಂತ ಫ್ಯೂಜಿಯವರ ಕೋಷ್ಟಕವೇ ಹೇಳುತ್ತದೆ. ಅಂದರೆ ಒಂದು ಫ್ರೇಮಿಗೆ ಒಂದು ನಿಮಿಷ. ಲೆಕ್ಕದ ಮೇಲೆ ನಂಬಿಕೆ ಇರಲಿಲ್ಲ, ಅದಕ್ಕೇ ಬ್ರಾಕೆಟ್ ಮಾಡಿದೆ. ಮೂರು ಫ್ರೇಮ್ ಹೋಯಿತು. ಉಳಿದ ಒಂದನ್ನೂ ಮುಗಿಸಿ ಆರಾಮಾಗಿ ಹೊಸ ರೋಲ್ ಹಾಕೋಣ ಅಂದುಕೊಂಡೆ. ಅಲ್ಲೇ ಕೆಟ್ಟಿದ್ದು.

ಕ್ಯಾಮೆರಾದ ಬೆನ್ನು ತೆರೆದಿದ್ದೇನೆ, ಸೂರ್ಯ ಬಂದ. ಚಳಿಗೆ ಬೆರಳು ಸೆಟೆದಿತ್ತು. ಕಾಗದದ ತುದಿ ಖಾಲಿ ಸ್ಪೂಲಿನ ಸೀಳಿಗೆ ಸಿಗುತ್ತಿಲ್ಲ. ಸಿಕ್ಕಿದ ಮೇಲೆ ಬಾಣದ ಗುರುತು ಸರಿಯಾದ ಜಾಗಕ್ಕೆ ಬರಬೇಕು, ಸುಮ್ನೆ ಮುಚ್ಚಿದರೆ ಚೌಕಟ್ಟುಗಳೆಲ್ಲ ಜರುಗುತ್ತವೆ. ಅಕ್ಕಪಕ್ಕ ಎಲ್ಲರ ಶಟರ್ ಸದ್ದು. ನನ್ನ ರೋಲ್ ಕೂರುವ ಹೊತ್ತಿಗೆ ದಿಗಂತದ ಗೆರೆ ಬಿಟ್ಟು ಸೂರ್ಯ ಮೇಲೆ ಹೋಗಿಯಾಗಿತ್ತು. ಕಮಾನಿನ ಹೊಳಪು ಇನ್ನೂ ಇತ್ತು, ಅದು ಬೇಗ ಹೋಗಲ್ಲ. ಆದರೆ ಆ ಮೊದಲ ಕೆಂಪು ಹೋಗಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ತೆಗೆದ ರೋಲನ್ನು ಬಿಗಿ ಸುತ್ತದೆ, ಅಂಟುಪಟ್ಟಿ ಅಂಟಿಸದೆ ಜೇಬಿಗೆ ತುರುಕಿದ್ದೆ. 120 ಫಿಲ್ಮಿಗೆ ಡಬ್ಬಿ ಇಲ್ಲ, ಹಿಂದಿನ ಕಾಗದವೇ ಕಾವಲು. ರೋಲ್ ಸಡಿಲವಾದರೆ ಅಂಚಿನಿಂದ ಬೆಳಕು ನುಗ್ಗುತ್ತದೆ. ಡೆವಲಪ್ ಆಗಿ ಬಂದಾಗ ಆ ಗುಲಾಬಿ ಚಿತ್ರಗಳ ಅಂಚಿನುದ್ದಕ್ಕೂ ಕಿತ್ತಳೆ ಕಲೆ.

ಸ್ಲೈಡಿನಲ್ಲಿ ಅರ್ಧ ಸ್ಟಾಪ್ ತಪ್ಪಿದರೂ ಚಿತ್ರ ಕೆಡುತ್ತದೆ ಅನ್ನುವ ನಿಮ್ಮ ಭಯ ಸುಳ್ಳಲ್ಲ. ನೆರಳಿನಿಂದ ಹೊಳಪಿನವರೆಗೆ ವೆಲ್ವಿಯಾ ಹಿಡಿಯುವುದೇ ಸುಮಾರು ಐದು ಸ್ಟಾಪ್. ಆದರೆ ತಮಾಷೆ ನೋಡಿ, ಲೆಕ್ಕ ಕಷ್ಟ ಇರುವುದು ಸೂರ್ಯ ಬರುವ ಮೊದಲು. ಬಂದ ಮೇಲೆ ಎಕ್ಸ್‌ಪೋಶರ್ ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಒಂದು ಸೆಕೆಂಡಿನವರೆಗೆ ವೆಲ್ವಿಯಾ 50ಕ್ಕೆ ಯಾವ ತಿದ್ದುಪಡಿಯೂ ಬೇಡ. ಸ್ಪಾಟ್ ಮೀಟರನ್ನು (ಚಿಕ್ಕ ಜಾಗದ ಬೆಳಕು ಮಾತ್ರ ಅಳೆಯುವಂಥದ್ದು) ಹೊಳೆಯುವ ಕಲ್ಲಿಗೇ ಹಿಡಿಯಿರಿ. ಬಂದ ಅಂಕಿಗಿಂತ ಅರ್ಧ ಸ್ಟಾಪ್ ಜಾಸ್ತಿ ಕೊಡಿ, ಸೆಂಟರ್ ಫಿಲ್ಟರ್‌ದು ಸೇರಿಸಿ. ನಾನು ಈಗ ಮಾಡುವುದು ಇಷ್ಟೇ. ಕಣಿವೆಯ ನೆರಳು ಕಪ್ಪಾಗುತ್ತದೆ, ಆಗಲಿ. ಆಕಾಶದ ಬೆಳಕು ತಗ್ಗಿಸಲು ಮೇಲರ್ಧ ಕಪ್ಪಗಿರುವ ಗ್ರಾಜುಯೇಟೆಡ್ ಫಿಲ್ಟರ್ ಬಗ್ಗೆ ಯೋಚಿಸಬೇಡಿ. ಕಮಾನು ಆಕಾಶದ ಮಧ್ಯಕ್ಕೆ ಹಾಯುತ್ತದೆ, ಅದೂ ಕಪ್ಪಾಗುತ್ತದೆ. ಮೇಲಾಗಿ ಈ ಕ್ಯಾಮೆರಾದ ವ್ಯೂಫೈಂಡರ್ ಲೆನ್ಸಿನ ಮೂಲಕ ನೋಡುವುದಿಲ್ಲ, ಫಿಲ್ಟರ್ ಎಲ್ಲಿ ಕೂತಿದೆ ಅಂತ ಹೇಗೆ ತಿಳಿಯುತ್ತದೆ?

ಗುಲಾಬಿ ಆಕಾಶ ಬೇಕೇ ಬೇಕು ಅಂದರೆ ಅದಕ್ಕೆ ಪ್ರೋವಿಯಾ 100ಎಫ್ ಅನ್ನುವ ಸ್ಲೈಡ್ ಫಿಲ್ಮ್ ಹಾಕಿ, 128 ಸೆಕೆಂಡಿನವರೆಗೆ ಅದಕ್ಕೆ ಯಾವ ತಿದ್ದುಪಡಿಯೂ ಬೇಡ. ಒಂದೇ ಫ್ರೇಮ್ ತೆಗೆದು ನಿಲ್ಲಿಸಿ, ಮೂರು ಉಳಿಸಿಕೊಳ್ಳಿ. ಎಕ್ಸ್‌ಪೋಶರ್ ಬಗ್ಗೆ ಧೈರ್ಯವೇ ಇಲ್ಲ ಅಂದರೆ ಸ್ಲೈಡ್ ಬಿಡಿ, ಎಕ್ಟಾರ್ 100 ಅನ್ನುವ ಕಲರ್ ನೆಗೆಟಿವ್ ಫಿಲ್ಮ್ ಹಾಕಿ. ಒಂದು ಸ್ಟಾಪ್ ಹೆಚ್ಚಾದರೂ ಕಲರ್ ನೆಗೆಟಿವ್ ತಡೆದುಕೊಳ್ಳುತ್ತದೆ. ಸ್ಲೈಡೇ ಶ್ರೇಷ್ಠ ಅನ್ನುವವರು ಜಾಸ್ತಿ, ಅವರ ಫ್ರೇಮುಗಳನ್ನು ಅವರು ಹಾಳು ಮಾಡಿಕೊಳ್ಳಲಿ.

ಅಂದ ಹಾಗೆ, ಜಾಗ ಹುಡುಕುವಾಗ ದಾರಿ ಬಿಟ್ಟು ಆ ಕಪ್ಪು ಉಬ್ಬುಬ್ಬಾದ ಮಣ್ಣಿನ ಮೇಲೆ ಕಾಲಿಡಬೇಡಿ. ಅದು ಜೀವಂತ ಪದರ, ತುಳಿದರೆ ಮತ್ತೆ ಕೂಡಿಕೊಳ್ಳಲು ವರ್ಷಗಟ್ಟಲೆ ಬೇಕು.

ಬ್ರಾಕೆಟ್ ಮಾಡದೆ ಸಮಾಧಾನವೇ ಆಗಲ್ಲ ಅನ್ನುವುದಾದರೆ ಈ ಕ್ಯಾಮೆರಾನೇ ತಗೊಂಡು ಹೋಗಬೇಡಿ. ಹ್ಯಾಸೆಲ್‌ಬ್ಲಾಡ್ ಎಕ್ಸ್‌ಪ್ಯಾನ್ ಯಾರ ಹತ್ತಿರವಾದರೂ ಎರವಲು ಸಿಗುತ್ತಾ ನೋಡಿ. 36 ಚಿತ್ರದ 35 ಎಂಎಂ ರೋಲಿನಲ್ಲಿ 21 ಪನೋರಮಾ ಬರುತ್ತದೆ, ಫಿಲ್ಮ್ ಡಬ್ಬಿಯೊಳಗೇ ಇರುತ್ತದೆ. ಚೌಕಟ್ಟು ಚಿಕ್ಕದು, 24x65 ಮಿಲಿಮೀಟರ್. ಗೋಡೆಯಗಲದ ಪ್ರಿಂಟ್ ಮಾಡಿಸುವ ಯೋಚನೆ ಇಲ್ಲದಿದ್ದರೆ ಅಷ್ಟು ಸಾಕು.